ಮಲೆನಾಡಿನ ಮನೆತನದ ಕಾಫಿ ತೋಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯವರೇ ಮುಂದೆ ನಿಂತು ನೋಡಿಕೊಳ್ಳುವ ಐದಾರು ಎಕರೆಯ ಸಣ್ಣ ಕಾಫಿ ತೋಟಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಚಿಕ್ಕಮಗಳೂರು, ಕೊಡಗು ಮತ್ತು ಹಾಸನದ ಸಕಲೇಶಪುರ ಸೀಮೆಗೆ ಹೊಂದುವ ಹಾಗೆ ಉತ್ತರಿಸಿದ್ದೇವೆ. ಕಾಫಿಯಲ್ಲಿ ಎಷ್ಟೋ ನಷ್ಟ ಗೊತ್ತಿದ್ದೂ ನಾಲ್ಕು ದಿನ ತಡ ಮಾಡಿದ್ದರಿಂದ ಆಗುತ್ತದೆ. ಹಾಗಾಗಿ ಏನು ಮಾಡಬೇಕು ಎನ್ನುವಷ್ಟೇ ಒತ್ತು ಕೊಟ್ಟು ಯಾವಾಗ ಮಾಡಬೇಕು ಎನ್ನುವುದನ್ನೂ ಹೇಳಿದ್ದೇವೆ.

ಕಾಫಿ ಈ ಸೀಮೆಗೆ ಬಂದದ್ದು ಹೇಗೆ?

ಬಾಬಾ ಬುಡನ್ ಎಂಬ ಸೂಫಿ ಸಂತರು ಹದಿನೇಳನೇ ಶತಮಾನದಲ್ಲಿ ಯೆಮೆನ್ ದೇಶದ ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬುದು ಜನ ನಂಬಿಕೊಂಡು ಬಂದ ಕಥೆ. ದೊಡ್ಡ ತೋಟಗಳು ಎದ್ದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಬ್ರಿಟಿಷರ ಕಾಲದಲ್ಲಿ. ಕಾಂಡಕೊರಕ ಹುಳ ಮತ್ತು ಎಲೆತುಕ್ಕು ರೋಗ ಎರಡೂ ಸೇರಿ ಹಳೆಯ ತಳಿಗಳನ್ನು ನೆಲಕ್ಕೆ ಹಾಕಿದ ಮೇಲೆ ಸಂಶೋಧನೆಯ ಅಗತ್ಯ ಎದ್ದು ಕಂಡಿತು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಮೈಸೂರು ಸಂಸ್ಥಾನದ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಕೊಡಗಿನ ಚೆಟ್ಟಳ್ಳಿಯಲ್ಲಿ ಅದರ ಉಪಕೇಂದ್ರವಿದೆ. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆಗಾರರೆಲ್ಲ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು. ತೊಂಬತ್ತರ ದಶಕದಲ್ಲಿ ಅದು ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಮೂರಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ನಮ್ಮ ಜಾಗಕ್ಕೆ ಅರೇಬಿಕಾ ಹೊಂದುತ್ತದೋ ರೋಬಸ್ಟಾವೋ?

ಮೊದಲು ಎತ್ತರ ನೋಡಿ. ಸಮುದ್ರ ಮಟ್ಟದಿಂದ 1,000ದಿಂದ 1,500 ಮೀಟರ್ ಎತ್ತರದ ತಂಪು ಜಾಗ ಅರೇಬಿಕಾಕ್ಕೆ, 500ರಿಂದ 1,000 ಮೀಟರ್ ರೋಬಸ್ಟಾಕ್ಕೆ. ಗಡಿಯಲ್ಲಿರುವ ಜಾಗವಾದರೆ ಇನ್ನೆರಡು ವಿಷಯ ಲೆಕ್ಕ ಹಾಕಬೇಕು. ಬೇಸಿಗೆಯಲ್ಲಿ ಸ್ಪ್ರಿಂಕ್ಲರ್‌ಗೆ ನೀರಿದೆಯೇ? ಇಲ್ಲದಿದ್ದರೆ ರೋಬಸ್ಟಾ ಪ್ರತಿ ವರ್ಷ ಜೂಜಾಗುತ್ತದೆ. ಕಾಂಡಕೊರಕ ಹುಡುಕಲು ವರ್ಷಕ್ಕೆ ಎರಡು ಸಲ ಗಿಡ ಗಿಡವನ್ನೂ ನೋಡುವ ಕೈಗಳಿವೆಯೇ? ಇಲ್ಲದಿದ್ದರೆ ಅರೇಬಿಕಾ ನಿಧಾನಕ್ಕೆ ತೋಟದಿಂದ ಮಾಯವಾಗುತ್ತದೆ.

ಯಾವ ತಳಿ ಹಾಕಬೇಕು?

ಅರೇಬಿಕಾದಲ್ಲಿ ಎಸ್.795 ಇವತ್ತಿಗೂ ಬಟ್ಟಲಿನ ರುಚಿಗೆ ಹೆಸರಾದ ತಳಿ. ಆದರೆ ಎಲೆತುಕ್ಕು ತಾಗುತ್ತದೆ, ಔಷಧಿ ತಪ್ಪಿಸುವಂತಿಲ್ಲ. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ಗಿಡ್ಡ ಗಿಡ, ಕಾಳು ದಪ್ಪ, ತುಕ್ಕು ತಡೆಯುವ ಶಕ್ತಿ ಹೆಚ್ಚು. ಹೆಚ್ಚು ಬಿಡುವ ಗಿಡವಾದ್ದರಿಂದ ಗೊಬ್ಬರ ಕಡಿಮೆಯಾದರೆ ಬೇಗ ಸೋಲುತ್ತದೆ. ರೋಬಸ್ಟಾದಲ್ಲಿ ಎಸ್.274 ಮತ್ತು ಸಿಎಕ್ಸ್‌ಆರ್ ಎರಡೇ ಮುಖ್ಯ. ಸಿಎಕ್ಸ್‌ಆರ್ ಗಿಡ ಸ್ವಲ್ಪ ಸಣ್ಣದು, ರುಚಿ ಮೃದು. ಬೀಜ ಎಲ್ಲಿಂದ ತಂದಿರಿ ಎನ್ನುವುದು ತಳಿಯ ಹೆಸರಿನಷ್ಟೇ ಮುಖ್ಯ. ಪಕ್ಕದ ತೋಟದ ರೋಬಸ್ಟಾ ಬೀಜ ತಂದು ಸಸಿ ಮಾಡಿದರೆ ಪರಕೀಯ ಪರಾಗಸ್ಪರ್ಶದಿಂದಾಗಿ ತಾಯಿಗಿಡದ ಗುಣ ಬರುತ್ತದೆಂಬ ಖಾತ್ರಿ ಇರುವುದಿಲ್ಲ.

ಸಸಿ, ಗುಂಡಿ, ಅಂತರದ ಲೆಕ್ಕ ಹೇಗೆ?

ಡಿಸೆಂಬರ್–ಜನವರಿಯಲ್ಲಿ ಬೀಜ ಮಡಿಗೆ. ಸುಮಾರು ಒಂದೂವರೆ ತಿಂಗಳಿಗೆ ಮೊಳಕೆ ತಲೆಯ ಮೇಲೆ ಬೀಜ ಹೊತ್ತು ಮೇಲೆ ಬರುತ್ತದೆ. ಎಲೆ ಬಿಚ್ಚುವ ಮುಂಚೆ ಈ ಹಂತದಲ್ಲೇ 9×6 ಇಂಚಿನ ಪಾಲಿಥೀನ್ ಚೀಲಕ್ಕೆ ದಾಟಿಸಬೇಕು. ಚೀಲದ ಮಣ್ಣಿಗೆ ಜರಡಿ ಹಿಡಿದ ಕಾಡುಮಣ್ಣು 6 ಪಾಲು, ಕೊಳೆತ ಗೊಬ್ಬರ 3 ಪಾಲು, ಮರಳು 1 ಪಾಲು. ದಾಟಿಸುವಾಗ ತಾಯಿಬೇರು ಮಡಚಿಕೊಂಡರೆ ಆ ತಪ್ಪು ನಾಲ್ಕೈದು ವರ್ಷದ ನಂತರ, ಗಿಡ ಕಾರಣವಿಲ್ಲದೆ ಹಳದಿಯಾದಾಗ ಗೊತ್ತಾಗುತ್ತದೆ.

ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. 6×6 ಅಡಿಗೆ ಎಕರೆಗೆ 1,210 ಗಿಡ, 7×7ಕ್ಕೆ 889, ರೋಬಸ್ಟಾ 10×10ಕ್ಕೆ 435. ಚಂದ್ರಗಿರಿಯಂಥ ಗಿಡ್ಡ ತಳಿಗೆ 5×5 ಅಡಿಯೂ ಆಗುತ್ತದೆ, ಆಗ 1,742 ಗಿಡ. ನೆಡುವುದು ಜೂನ್ ಮೊದಲ ಮಳೆಗೆ, ಇಲ್ಲವೇ ಮಳೆಯ ಅಬ್ಬರ ಇಳಿದ ಸೆಪ್ಟೆಂಬರ್‌ನಲ್ಲಿ.

ನೆರಳು ಎಷ್ಟಿರಬೇಕು? ಮರಗಸಿ ಯಾವಾಗ?

ಇದಕ್ಕೆ ಅಳತೆಯ ಉತ್ತರ ಇಲ್ಲ, ಆದರೆ ಎರಡು ಕಡೆಯ ಅಪಾಯ ಗೊತ್ತಿದ್ದರೆ ನಡುದಾರಿ ತಾನಾಗಿ ಸಿಗುತ್ತದೆ. ನೆರಳು ತೆಳುವಾಗಿ ಅರೇಬಿಕಾ ಕಾಂಡಕ್ಕೆ ಬಿಸಿಲು ಬಿದ್ದರೆ ಬಿಳಿ ಕಾಂಡಕೊರಕದ ದುಂಬಿ ಅಲ್ಲೇ ಮೊಟ್ಟೆ ಇಡುತ್ತದೆ. ನೆರಳು ದಟ್ಟವಾದರೆ ಮಳೆಗಾಲದಲ್ಲಿ ಗಿಡ ಒಣಗದೆ ಕೊಳೆರೋಗ ಬರುತ್ತದೆ, ಹೂವಿನ ಮೊಗ್ಗೂ ಕಡಿಮೆ.

ನಮ್ಮ ತೋಟಗಳಲ್ಲಿ ನೆರಳಿಗೆ ಎರಡು ಅಂತಸ್ತು. ಮೇಲೆ ಅತ್ತಿ, ಬಸರಿ, ಹಲಸು, ಬೀಟೆ, ಹೊನ್ನೆ, ಸಿಲ್ವರ್ (ಸಿಲ್ವರ್ ಓಕ್ ಮರ), ಕೆಳಗೆ ಹಾಲುವಾಣ. ಅತ್ತಿ, ಬಸರಿಯಂಥ ಮರಗಳ ಸೊಪ್ಪು ಬೇಗ ಕೊಳೆತು ಮಣ್ಣಾಗುತ್ತದೆ. ಸಿಲ್ವರ್ ಎಲೆ ನಿಧಾನ. ಮೆಣಸಿಗೂ ಮರದ ದುಡ್ಡಿಗೂ ಆಗುತ್ತದೆಂದು ತೋಟ ಪೂರ್ತಿ ಸಿಲ್ವರ್ ಮಾಡಿಕೊಂಡವರ ನೆಲ ಬೇಸಿಗೆಯಲ್ಲಿ ಎಷ್ಟು ಬೇಗ ಒಣಗುತ್ತದೆಂದು ಕಾಲಿಟ್ಟರೆ ತಿಳಿಯುತ್ತದೆ. ಕಾಡುಮರಗಳನ್ನು ಉಳಿಸಿಕೊಳ್ಳಿ ಎಂದು ಕೈಮುಗಿದು ಹೇಳುತ್ತೇವೆ. ಸಿಲ್ವರ್ ಕಡಿಯಲು ಅನುಮತಿ ಬೇಡ, ಬೇರೆ ಕಾಡುಜಾತಿ ಮರಗಳಿಗೆ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಮರಗಸಿಯನ್ನು, ಅಂದರೆ ನೆರಳು ಮರದ ಕೊಂಬೆ ಕಡಿಯುವುದನ್ನು, ಮುಂಗಾರು ಹಿಡಿಯುವ ಹೊತ್ತಿಗೆ ಮಾಡಿ. ಹಾಲುವಾಣದ ಕೊಂಬೆ ಮಳೆ ಶುರುವಾದ ಮೇಲೆ ಕಡಿದರೆ ಮುಂದಿನ ಬೇಸಿಗೆಯೊಳಗೆ ಮತ್ತೆ ಚಿಗುರಿ ನೆರಳು ಕೊಡುತ್ತದೆ. ಮಳೆ ಮುಗಿದ ಮೇಲೆ ಕಡಿದರೆ ಬೇಸಿಗೆಗೆ ಗಿಡ ಬಯಲಾಗುತ್ತದೆ. ಪಡುವಣ ಬಿಸಿಲು ಬೀಳುವ ಇಳಿಜಾರಿನಲ್ಲಿ ಒಂದೆರಡು ಕೊಂಬೆ ಹೆಚ್ಚಿಗೆ ಬಿಡಿ.

ಹೂಮಳೆಗೆ ಅಷ್ಟೊಂದು ಮಹತ್ವ ಯಾಕೆ?

ಕಾಫಿಯ ವರ್ಷ ಶುರುವಾಗುವುದೇ ಆ ಮಳೆಯಿಂದ. ಮೊಗ್ಗು ಬೆಳೆದು ಒಣಹವೆಯಲ್ಲಿ ಸುಪ್ತವಾಗಿ ನಿಂತಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಒಂದರಿಂದ ಒಂದೂವರೆ ಇಂಚು, ಅಂದರೆ 25ರಿಂದ 40 ಮಿಲಿಮೀಟರ್ ಮಳೆ ಒಂದೇ ಸಲಕ್ಕೆ ಬಿದ್ದರೆ ಮೊಗ್ಗು ಎದ್ದುಕೊಳ್ಳುತ್ತದೆ. ರೋಬಸ್ಟಾ ಏಳೆಂಟು ದಿನಕ್ಕೆ, ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ ಅರಳುತ್ತದೆ. ಬೆಳಗಿನ ಜಾವ ಮಲ್ಲಿಗೆಯಂಥ ಪರಿಮಳ ತೋಟದಾಚೆಯ ರಸ್ತೆಯವರೆಗೂ ಬರುತ್ತದೆ. ಎರಡು ಮೂರು ದಿನಕ್ಕೆ ಹೂ ಕಂದಿ ಉದುರುತ್ತದೆ.

ಹದ ತಪ್ಪುವ ಬಗೆ ಮೂರು. ಅರ್ಧ ಇಂಚಿಗಿಂತ ಕಡಿಮೆ ಬಿದ್ದರೆ ಮೊಗ್ಗು ಅರೆಬರೆ ಎದ್ದು, ಗುಲಾಬಿ ಬಣ್ಣಕ್ಕೆ ತಿರುಗಿ, ಚಿಕ್ಕ ನಕ್ಷತ್ರದಂತೆ ಬಿಚ್ಚಿ ಒಣಗುತ್ತದೆ. ಅರಳಿದ ದಿನವೇ ಮಳೆ ಸುರಿದರೆ ಪರಾಗ ತೊಳೆದು ಹೋಗುತ್ತದೆ. ರೋಬಸ್ಟಾಕ್ಕೆ ಈ ಪೆಟ್ಟು ಹೆಚ್ಚು, ಯಾಕೆಂದರೆ ಅದು ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಗಾಳಿ ಮತ್ತು ಜೇನು ಬೇರೆ ಗಿಡದ್ದನ್ನು ತಂದು ಮುಟ್ಟಿಸಬೇಕು. ಹೂವಿನ ಹೊತ್ತಿನಲ್ಲಿ ಕೀಟನಾಶಕ ಹೊಡೆಯಲೇಬಾರದು ಎನ್ನುವುದು ಇದಕ್ಕೇ. ಮೂರನೆಯದು, ಹೂ ಆದ ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು ಮಳೆ ಬಾರದೆ ಇರುವುದು. ಅದಕ್ಕೆ ಬ್ಯಾಕಿಂಗ್ ಮಳೆ ಎನ್ನುತ್ತೇವೆ. ಅದು ಕೈಕೊಟ್ಟರೆ ಕಚ್ಚಿದ ಪಿಂದೆ ಸಾಸಿವೆ ಗಾತ್ರದಲ್ಲೇ ಕಪ್ಪಾಗಿ ಉದುರುತ್ತದೆ.

ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್‌ಗೆ ಎಷ್ಟು ನೀರು ಬೇಕು?

ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1 ಲಕ್ಷದ 3 ಸಾವಿರ ಲೀಟರ್. ರೋಬಸ್ಟಾಕ್ಕೆ ಹೂವಿಗೆ ಒಂದೂವರೆ ಇಂಚು, ಬ್ಯಾಕಿಂಗ್‌ಗೆ ಒಂದು ಇಂಚು. ಐದು ಎಕರೆಗೆ ಎರಡೂ ಸೇರಿ ಸುಮಾರು 12.8 ಲಕ್ಷ ಲೀಟರ್. ನೂರಡಿ ಉದ್ದ, ಐವತ್ತಡಿ ಅಗಲದ ಕೆರೆಯಲ್ಲಿ ಒಂಬತ್ತಡಿ ನೀರು ನಿಂತರೆ ಇಷ್ಟಾಗುತ್ತದೆ. ಆವಿಯಾಗುವುದು, ಇಂಗುವುದು ಇದರ ಮೇಲೆ. ಮಾರ್ಚ್‌ನಲ್ಲಿ ಕೆರೆಯ ಮಟ್ಟ ನೋಡಿ ಯೋಚಿಸುವ ಬದಲು ಜನವರಿಯಲ್ಲೇ ಅಳೆದು ಎಷ್ಟು ಎಕರೆಗೆ ಪೂರ್ತಿ ಆಗುತ್ತದೋ ಅಷ್ಟಕ್ಕೇ ಕೊಡಿ. ಐದು ಎಕರೆಗೂ ಅರ್ಧರ್ಧ ಕೊಟ್ಟರೆ ಐದು ಎಕರೆಯ ಹೂವೂ ಕೆಡುತ್ತದೆ.

ನೀರು ಬಿಡುವ ಮೊದಲು ಆ ಬ್ಲಾಕಿನ ಕೊಯ್ಲು ಮುಗಿದಿರಬೇಕು. ಎದ್ದ ಮೊಗ್ಗಿನ ನಡುವೆ ಹಣ್ಣು ಕೀಳಲು ಹೋದರೆ ಮುಂದಿನ ವರ್ಷದ ಬೆಳೆಯನ್ನೇ ಉದುರಿಸಿದಂತೆ. ಡ್ರಮ್ಮೊಂದನ್ನು ಜೆಟ್‌ಗಳ ನಡುವೆ ಇಟ್ಟು ತಳದಲ್ಲಿ ನಿಂತ ನೀರನ್ನು ಸ್ಕೇಲಿನಿಂದ ಅಳೆಯಿರಿ. ಗಂಟೆಯ ಲೆಕ್ಕ ಪಂಪಿನ ಒತ್ತಡ ಇಳಿದಂತೆ ಸುಳ್ಳಾಗುತ್ತದೆ.

ಗೊಬ್ಬರ, ಸುಣ್ಣ ಹೇಗೆ ಹಾಕಬೇಕು?

ಮಣ್ಣು ಪರೀಕ್ಷೆ ಮೊದಲು. ಒಂದು ಬ್ಲಾಕಿನ ಎಂಟು ಹತ್ತು ಕಡೆ 9 ಇಂಚು ಆಳದಿಂದ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಕಳಿಸಿ. ಕಾಫಿಗೆ ಪಿಎಚ್ 6ರಿಂದ 6.5 ಇರಬೇಕು. ನಮ್ಮ ಮಳೆಗೆ ಸುಣ್ಣದ ಅಂಶ ತೊಳೆದು ಮಣ್ಣು ಹುಳಿಯಾಗುತ್ತಲೇ ಇರುತ್ತದೆ, ಹುಳಿ ಮಣ್ಣಿಗೆ ಹಾಕಿದ ರಂಜಕ ಗಿಡಕ್ಕೆ ಸಿಗದೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಎರಡು ಮೂರು ವರ್ಷಕ್ಕೊಮ್ಮೆ ವರದಿಯ ಪ್ರಮಾಣದಂತೆ ಕೃಷಿ ಸುಣ್ಣ. ಸುಣ್ಣಕ್ಕೂ ರಾಸಾಯನಿಕ ಗೊಬ್ಬರಕ್ಕೂ ಕನಿಷ್ಠ ಒಂದು ತಿಂಗಳ ಅಂತರವಿರಲಿ. ಒಟ್ಟಿಗೆ ಬಿದ್ದರೆ ಸಾರಜನಕ ಗಾಳಿಗೆ ಹೋಗುತ್ತದೆ.

ಹೆಕ್ಟೇರಿಗೆ ಒಂದು ಟನ್ನಿಗಿಂತ ಹೆಚ್ಚು ಇಳುವರಿಯ ರೋಬಸ್ಟಾಕ್ಕೆ ವರ್ಷಕ್ಕೆ ಸಾರಜನಕ, ರಂಜಕ, ಪೊಟ್ಯಾಷ್ 120:90:120 ಕಿಲೋ. ಎಕರೆಗೆ ಇಳಿಸಿದರೆ ಸುಮಾರು 49:36:49. ಹೂವಿನ ಮುಂಚೆ, ಹೂ ಆದ ಮೇಲೆ ಮೇ ತಿಂಗಳಲ್ಲಿ, ಮಳೆಯ ಬಿಡುವಿನಲ್ಲಿ, ಮಳೆ ಮುಗಿದ ಮೇಲೆ ಎಂದು ಕಂತು ಮಾಡಿ ಹಾಕಿ. ಬುಡಕ್ಕೆ ಸುರಿಯದೆ, ದರಗು (ಒಣಗಿ ಬಿದ್ದ ಎಲೆ) ಸರಿಸಿ, ರೆಕ್ಕೆಯ (ಅಡ್ಡ ಕೊಂಬೆಯ) ತುದಿಯ ಕೆಳಗೆ ಸುತ್ತ ಚೆಲ್ಲಿ, ಮತ್ತೆ ದರಗು ಮುಚ್ಚಿ.

ಕಸಿ ಮತ್ತು ಕಂಬಚಿಗುರು ತೆಗೆಯುವುದರಲ್ಲಿ ಏನು ತಪ್ಪಾಗುತ್ತದೆ?

ಗಿಡಕ್ಕೆ ದಯೆ ತೋರಿಸುವುದು. ಕಸಿ ಎಂದರೆ ಇಲ್ಲಿ ಬೇಡದ ಕವಲು ಕಡಿಯುವುದು. ಒಣಗಿದ, ಒಳಮುಖವಾದ, ಒಂದರ ಮೇಲೊಂದು ಹೋದ ಕವಲುಗಳನ್ನು ಕೊಯ್ಲಾದ ಕೂಡಲೇ ತೆಗೆದು ಗಿಡದ ನಡುವಿಗೆ ಅರ್ಧ ಅಡಿ ಬೆಳಕು ಬಿಡಬೇಕು. ಕಾಯಿ ಬಿಟ್ಟ ಗೆಣ್ಣು ಮತ್ತೆ ಅಷ್ಟು ಬಿಡುವುದಿಲ್ಲ, ಹೊಸ ಚಿಗುರು ಬಂದರೇನೇ ಮುಂದಿನ ಬೆಳೆ. ಎರಡು ವರ್ಷ ಕಸಿ ಬಿಟ್ಟ ಗಿಡ ಒಂದು ವರ್ಷ ಬಗ್ಗುವಷ್ಟು ಬಿಟ್ಟು ಮರುವರ್ಷ ತುದಿ ಒಣಗಿ ನಿಲ್ಲುತ್ತದೆ. ನೇರ ಮೇಲೇಳುವ ಕಂಬಚಿಗುರನ್ನು ಎಳೆಯದಾಗಿದ್ದಾಗಲೇ ಕೈಯಲ್ಲಿ ಮುರಿಯಿರಿ. ಬಲಿತ ಮೇಲೆ ಕತ್ತರಿಗೆ ಕೂಲಿ, ಗಿಡಕ್ಕೆ ಗಾಯ.

ಬಿಳಿ ಕಾಂಡಕೊರಕವನ್ನು ಹೇಗೆ ಗುರುತಿಸಬೇಕು?

ಅರೇಬಿಕಾ ಬೆಳೆಗಾರರ ದೊಡ್ಡ ಶತ್ರು ಇದು. ರೋಬಸ್ಟಾವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ದುಂಬಿ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ ಹಾರಾಡಿ, ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹುಳ ಒಳಗೇ ತಿಂಗಳುಗಟ್ಟಲೆ ಕೊರೆಯುತ್ತದೆ. ಆದ್ದರಿಂದ ಹಾರಾಟಕ್ಕೆ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಬೋರರ್ ಟ್ರೇಸಿಂಗ್, ಅಂದರೆ ಹುಳ ಹಿಡಿದ ಗಿಡ ಹುಡುಕುವ ಕೆಲಸ, ಮುಗಿಸಬೇಕು.

ಎಲೆ ಹಳದಿಯಾದ, ಬಿಸಿಲೇರಿದಾಗ ಸೊರಗುವ ಗಿಡದ ಬುಡಕ್ಕೆ ಕೂತು ಕಾಂಡದ ಮೇಲೆ ಹೆಬ್ಬೆರಳು ಒತ್ತಿ ಮೇಲಿಂದ ಕೆಳಗೆ ಸವರಿ. ಆರೋಗ್ಯದ ಕಾಂಡ ನುಣುಪು. ಹುಳ ಹೊಕ್ಕ ಕಡೆ ತೊಗಟೆ ಉಂಗುರದ ಹಾಗೆ, ಉಬ್ಬಿದ ನರದ ಹಾಗೆ ಬೆರಳಿಗೆ ಸಿಗುತ್ತದೆ. ಅಲ್ಲಿ ಕತ್ತಿಯ ತುದಿಯಿಂದ ಸ್ವಲ್ಪ ಕೆರೆದರೆ ಒತ್ತಾಗಿ ತುಂಬಿದ ಹುಡಿ ಕಾಣುತ್ತದೆ. ದುಂಡನೆಯ ತೂತು ಕಂಡರೆ ದುಂಬಿ ಆಗಲೇ ಹೊರಟುಹೋಗಿದೆ ಎಂದರ್ಥ.

ಸಿಕ್ಕಿದ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಹುಳ ಬೇರಿನವರೆಗೂ ಇಳಿದಿರುತ್ತದೆ, ಅರ್ಧಕ್ಕೆ ಕಡಿದರೆ ಬುಡದಲ್ಲಿ ಉಳಿಯುತ್ತದೆ. ಕಿತ್ತ ಗಿಡವನ್ನು ಸೌದೆಗೆಂದು ಲೈನ್ ಮನೆಯ (ಆಳುಗಳ ಮನೆಸಾಲಿನ) ಹಿಂದೆ ಒಟ್ಟಿಟ್ಟರೆ ದುಂಬಿಗಳು ಅಲ್ಲಿಂದಲೇ ಎದ್ದು ತೋಟಕ್ಕೆ ವಾಪಸ್ ಬರುತ್ತವೆ. ಸೌದೆ ಬೇಕೇ ಬೇಕೆಂದರೆ ಏಳರಿಂದ ಹತ್ತು ದಿನ ನೀರಿನಲ್ಲಿ ಮುಳುಗಿಸಿಡಿ. ಉಳಿದ ಗಿಡಗಳ ಕಾಂಡ ಮತ್ತು ದಪ್ಪ ರೆಕ್ಕೆಗಳ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯಿರಿ, ಹಸಿರು ತೊಗಟೆ ಗಾಯವಾಗಬಾರದು. ಆಮೇಲೆ ಹಾರಾಟದ ಮುಂಚೆ 200 ಲೀಟರ್ ನೀರಿಗೆ 20 ಕಿಲೋ ಸ್ಪ್ರೇ ಸುಣ್ಣ, 100 ಮಿಲಿ ಫೆವಿಕಾಲ್ ಡಿಡಿಎಲ್ ಬೆರೆಸಿ ಕಾಂಡಕ್ಕೆ ಹೊಡೆಯಿರಿ.

ಕಾಯಿಕೊರಕಕ್ಕೆ ಏನು ಮಾಡಬೇಕು?

ಕಾಯಿಯ ಹೊಕ್ಕುಳಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಅದೇ. ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನ ಕಡೆ. ಇದನ್ನು ಗೆಲ್ಲುವ ಮುಖ್ಯ ಆಯುಧ ಕೊಯ್ಲಿನ ಶುದ್ಧಿ: ಗಿಡದ ಮೇಲೆ ಒಂದು ಕಾಯಿಯನ್ನೂ ಬಿಡದೆ ಉರುಚುವುದು, ನೆಲದ ಕಾಯಿ ಹೆಕ್ಕುವುದು, ಕೊಯ್ಯುವಾಗ ಗಿಡದ ಕೆಳಗೆ ಪಟ್ಟೆ ಹಾಸುವುದು, ಅಕಾಲದ ಹಣ್ಣು ತೆಗೆಯುವುದು. ತೂತು ಬಿದ್ದ ಹಣ್ಣನ್ನು ಒಂದೆರಡು ನಿಮಿಷ ಕುದಿಯುವ ನೀರಿಗೆ ಅದ್ದಿ ಒಣಗಿಸಿ. ಕಾಫಿ ಸರಿಯಾಗಿ ಒಣಗಿದರೆ ಚೀಲದೊಳಗೆ ಹುಳ ಮರಿ ಹಾಕಲಾರದು.

ಎಲೆತುಕ್ಕು, ಕೊಳೆರೋಗ, ಬೋರ್ಡೋ ದ್ರಾವಣ?

ಎಲೆತುಕ್ಕು ಎಲೆಯ ಅಡಿಯಲ್ಲಿ ಕಿತ್ತಳೆ ಹುಡಿಯಾಗಿ ಕಾಣುತ್ತದೆ. ಔಷಧಿ ಅಡಿಭಾಗಕ್ಕೆ ತಾಗದಿದ್ದರೆ ಹೊಡೆದದ್ದು ವ್ಯರ್ಥ. ಕೊಳೆರೋಗ ಜುಲೈ–ಆಗಸ್ಟ್‌ನ ಬಿಡದ ಮಳೆಯಲ್ಲಿ ಬರುತ್ತದೆ. ಎಲೆ ಕಪ್ಪಾಗಿ ಕೊಳೆತು, ಶಿಲೀಂಧ್ರದ ಎಳೆ ಹಿಡಿದು ಗಿಡದಲ್ಲೇ ನೇತಾಡುತ್ತದೆ. ವಿಜ್ಞಾನಿಗಳು ಈ ಶಿಲೀಂಧ್ರಕ್ಕಿಟ್ಟ ಹೆಸರು ಕೊಳೆರೋಗ ನಾಕ್ಸಿಯಾ; ಮಲೆನಾಡಿನ ಆಡುಮಾತು ಹಾಗೇ ಲ್ಯಾಟಿನ್ ಹೆಸರಿನೊಳಗೆ ಸೇರಿಕೊಂಡಿದೆ. ಅಡಿಕೆಯ ಕೊಳೆರೋಗ ಬೇರೆ, ಅದರ ಶಿಲೀಂಧ್ರವೂ ಬೇರೆ.

ತುಕ್ಕಿಗೆ ಶೇ 0.5ರ ಬೋರ್ಡೋ, ಅಂದರೆ 200 ಲೀಟರ್‌ಗೆ 1 ಕಿಲೋ ಮೈಲುತುತ್ತ. ಕೊಳೆರೋಗ ಪ್ರತಿ ವರ್ಷ ಬರುವ ಜಾಗಕ್ಕೆ ಮಳೆಗೆ ಮುಂಚೆ ಶೇ 1, ಅಂದರೆ 2 ಕಿಲೋ. ತುತ್ತ ಮತ್ತು ಸುಣ್ಣವನ್ನು ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಸೋಸಿ, ಮೂರನೇ ಡ್ರಮ್ಮಿಗೆ ಒಟ್ಟಿಗೆ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಬೇಡ. ಉಜ್ಜಿ ಹೊಳಪು ಮಾಡಿದ ಚಾಕುವನ್ನು ಕೆಲವು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಖಾಲಿ ಮಾಡಿ.

ಕೊಯ್ಲು ಯಾವಾಗ?

ಅರೇಬಿಕಾ ನವೆಂಬರ್‌ನಿಂದ ಜನವರಿ, ರೋಬಸ್ಟಾ ಡಿಸೆಂಬರ್ ಕೊನೆಯಿಂದ ಮಾರ್ಚ್. ಹಣ್ಣು ಹಿಸುಕಿದರೆ ಕಾಳು ಸಲೀಸಾಗಿ ಚಿಮ್ಮಬೇಕು. ಅರೇಬಿಕಾದಲ್ಲಿ ಮೊದಲು ಫ್ಲೈ ಪಿಕ್ಕಿಂಗ್ (ಅಲ್ಲಲ್ಲಿ ಬೇಗ ಹಣ್ಣಾದದ್ದನ್ನು ಆಯುವುದು), ಆಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಹಣ್ಣಾದದ್ದನ್ನಷ್ಟೇ ಆಯ್ದು, ಕೊನೆಗೆ ಉರುಚುವುದು. ಒಂದೇ ಸಲಕ್ಕೆ ಉರುಚಿದರೆ ಕೂಲಿ ಉಳಿದಂತೆ ಕಾಣುತ್ತದೆ, ಹಸಿರು ಕಾಯಿಯ ತೂಕದಲ್ಲಿ ಅದು ಪೂರ್ತಿ ಹೋಗುತ್ತದೆ.

ಸಣ್ಣ ತೋಟದಲ್ಲಿ ಪಾರ್ಚ್‌ಮೆಂಟ್ ಮಾಡುವುದು ಹೇಗೆ?

ಹಣ್ಣಿನ ಸಿಪ್ಪೆ ತೆಗೆದು, ಲೋಳೆ ತೊಳೆದು, ಒಳಪೊರೆಯ ಸಮೇತ ಒಣಗಿಸಿದ ಕಾಫಿ ಪಾರ್ಚ್‌ಮೆಂಟ್; ಹಣ್ಣನ್ನು ಹಾಗೇ ಒಣಗಿಸಿದ್ದು ಚೆರ್ರಿ. ಕೊಯ್ದ ದಿನವೇ ಹಣ್ಣನ್ನು ಪಲ್ಪರ್‌ಗೆ, ಅಂದರೆ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಹಾಕಬೇಕು. ಇದರಲ್ಲಿ ರಾಜಿ ಇಲ್ಲ. ರಾತ್ರಿಯಿಡೀ ಚೀಲದಲ್ಲಿ ಕೂತ ಹಣ್ಣು ಬಿಸಿಯೇರಿ ಹುಳಿಯುತ್ತದೆ. ಹಸಿರು ಮತ್ತು ಒಣಗಿದ ಕಾಯಿ ಬೇರ್ಪಡಿಸಿ, ಹಣ್ಣನ್ನು ನೀರಿಗೆ ಹಾಕಿ ತೇಲಿದ ಜೊಳ್ಳನ್ನು ತೆಗೆದು ಚೆರ್ರಿಗೆ ಕಳಿಸಿ. ಪಲ್ಪರ್‌ನಿಂದ ಬಂದ ಒಂದು ಹಿಡಿ ಕಾಳನ್ನು ಬೆಳಕಿಗೆ ಹಿಡಿದು ನೋಡಿ: ಕಚ್ಚಿದ, ಸೀಳಿದ ಕಾಳು ಕಂಡರೆ ಅಂತರ ಬಿಗಿಯಾಗಿದೆ, ಸಿಪ್ಪೆ ಹೆಚ್ಚು ಬರುತ್ತಿದ್ದರೆ ಸಡಿಲವಾಗಿದೆ. ಹಣ್ಣಿನ ಗಾತ್ರ ಬ್ಲಾಕಿನಿಂದ ಬ್ಲಾಕಿಗೆ ಬೇರೆ, ಆದ್ದರಿಂದ ಒಮ್ಮೆ ಹೊಂದಿಸಿದರೆ ಹಂಗಾಮು ಪೂರ್ತಿ ಆಯಿತೆಂದು ತಿಳಿಯಬೇಡಿ.

ನಂತರ ಲೋಳೆ ಬಿಡಿಸಲು ತೊಟ್ಟಿಯಲ್ಲಿ ಹುದುಗಬೇಕು. ಅರೇಬಿಕಾಕ್ಕೆ 24ರಿಂದ 36 ಗಂಟೆ, ರೋಬಸ್ಟಾದ ಲೋಳೆ ಗಟ್ಟಿಯಾದ್ದರಿಂದ 72 ಗಂಟೆಯವರೆಗೂ ಹೋಗುತ್ತದೆ. ಚಳಿ ಹೆಚ್ಚಿದ್ದರೆ ಇನ್ನೂ ನಿಧಾನ. ಗಡಿಯಾರಕ್ಕಿಂತ ಕೈಯನ್ನು ನಂಬಿ. ರಾಶಿಯೊಳಗೆ ಕೋಲು ಚುಚ್ಚಿ ಎಳೆದಾಗ ತೂತು ಕುಸಿಯದೆ ಹಾಗೇ ನಿಂತರೆ, ಒಂದು ಹಿಡಿ ತೊಳೆದು ಉಜ್ಜಿದಾಗ ಕಾಳು ಜಾರದೆ ಹೊಳೆಯ ಸಣ್ಣ ಕಲ್ಲಿನ ಹಾಗೆ ಗರಗರ ಅಂದರೆ ಆಯಿತು. ಕೂಡಲೇ ಎರಡು ಮೂರು ನೀರಿನಲ್ಲಿ ತೊಳೆಯಿರಿ. ಮೀರಿ ಬಿಟ್ಟರೆ ಹುಳಿ ವಾಸನೆ ಕಾಳಿನೊಳಗೆ ಇಳಿಯುತ್ತದೆ. ಹಾಗೆ ಕೆಟ್ಟ ಕೆಲವೇ ಕಾಳು ಇಡೀ ಚೀಲದ ರುಚಿ ಹಾಳು ಮಾಡುತ್ತವೆ.

ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡಬಹುದೇ?

ಬಾರದು. ಆ ನೀರು ಹುಳಿ, ಹಳ್ಳದ ಉಸಿರನ್ನೇ ಹೀರಿ ಮೀನು ಸಾಯಿಸುತ್ತದೆ, ಕೆಳಗಿನವರ ಬಾವಿಗೂ ಇಳಿಯುತ್ತದೆ. ತೊಟ್ಟಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು ಇಂಗಿಸಿ. ತುಂಗಾ, ಭದ್ರಾ, ಹೇಮಾವತಿ, ಕಾವೇರಿ ಎಲ್ಲವೂ ಹುಟ್ಟುವುದು ಈ ಗುಡ್ಡಸಾಲಿನಲ್ಲೇ. ನಮ್ಮ ತೋಟದ ಕಾಲುವೆ ಅವುಗಳ ತಲೆ. ಸಿಪ್ಪೆಯನ್ನು ಸಗಣಿ, ಸೊಪ್ಪಿನ ಜೊತೆ ಗೊಬ್ಬರಗುಂಡಿಗೆ ಹಾಕಿ.

ಕಣದಲ್ಲಿ ಎಷ್ಟು ದಿನ ಒಣಗಿಸಬೇಕು?

ಪಾರ್ಚ್‌ಮೆಂಟ್ ಏಳರಿಂದ ಹತ್ತು ದಿನ, ಚೆರ್ರಿ ಹನ್ನೆರಡರಿಂದ ಹದಿನೈದು ದಿನ ಒಳ್ಳೆಯ ಬಿಸಿಲು. ಚೆರ್ರಿಯನ್ನು ಮೂರು ಇಂಚಿಗಿಂತ ದಪ್ಪ ಹರಡಬೇಡಿ, ಗಂಟೆಗೊಮ್ಮೆ ಎಳೆದು ಕೆಳಗಿನದನ್ನು ಮೇಲೆ ಮಾಡಿ. ಪಾರ್ಚ್‌ಮೆಂಟನ್ನು ನಡುಹಗಲಿನ ಉರಿಬಿಸಿಲಿಗೆ ಒಡ್ಡಿದರೆ ಸಿಪ್ಪೆ ಸೀಳುತ್ತದೆ. ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿ. ಡಿಸೆಂಬರ್‌ನ ಮೋಡಕ್ಕೆ ಕಣ ಬಿಟ್ಟು ಹೋಗುವ ಹಾಗಿಲ್ಲ, ಒಂದು ಸಲ ನೆನೆದ ಚೆರ್ರಿಗೆ ಬೂಸ್ಟು ಹಿಡಿಯುತ್ತದೆ. ಒಣಗಿದ ಚೆರ್ರಿಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ತೇವಾಂಶ ಪಾರ್ಚ್‌ಮೆಂಟಿಗೆ ಶೇ 10, ಅರೇಬಿಕಾ ಚೆರ್ರಿಗೆ 10.5, ರೋಬಸ್ಟಾ ಚೆರ್ರಿಗೆ 11. ಹೊಸ ಗೋಣಿಚೀಲದಲ್ಲಿ ತುಂಬಿ, ಮರದ ಹಲಗೆಯ ಮೇಲೆ ಗೋಡೆಗೆ ತಾಗದಂತೆ ಇಡಿ. ಗೊಬ್ಬರ, ಔಷಧಿ ಇಟ್ಟ ಕೋಣೆ ಬೇಡ, ಕಾಫಿ ವಾಸನೆ ಹೀರುತ್ತದೆ.

ವ್ಯಾಪಾರಿ ಹೇಳುವ ‘ಓಟಿ’ ಏನು?

ಔಟ್‌ಟರ್ನ್. 50 ಕಿಲೋ ಚೆರ್ರಿ ಚೀಲವನ್ನು ಸಿಪ್ಪೆ ಬಿಡಿಸಿದರೆ ಎಷ್ಟು ಕಿಲೋ ಬೇಳೆ (ಒಳಗಿನ ಕಾಫಿ ಕಾಳು) ಬರುತ್ತದೆ ಎನ್ನುವ ಲೆಕ್ಕ. ರೋಬಸ್ಟಾ ಚೆರ್ರಿಗೆ 26ರಿಂದ 28 ಒಳ್ಳೆಯದು. ಉದಾಹರಣೆಗೆ ಓಟಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. 27 ಬಂದರೆ ಚೀಲಕ್ಕೆ 8,100, 25 ಬಂದರೆ 7,500. ಅದೇ ತೂಕದ ಚೀಲ, 600 ರೂಪಾಯಿ ವ್ಯತ್ಯಾಸ. ಸ್ಯಾಂಪಲ್ ತೆಗೆಯುವಾಗ ಎದುರಿಗೆ ನಿಲ್ಲಿ, ಹಲವು ಚೀಲಗಳ ನಡುವಿನಿಂದ ತೆಗೆಸಿ, ಮನೆಯಲ್ಲೇ ಒಮ್ಮೆ ಬಿಡಿಸಿ ತೂಗಿ ನೋಡಿಕೊಂಡು ಹೋಗಿ.

ಹಣ್ಣಿನಿಂದ ಲೆಕ್ಕ ಹಾಕುವುದಾದರೆ 100 ಕಿಲೋ ಅರೇಬಿಕಾ ಹಣ್ಣಿಗೆ ಸುಮಾರು 20 ಕಿಲೋ ಪಾರ್ಚ್‌ಮೆಂಟ್, ಅದರಿಂದ 16 ಕಿಲೋ ಬೇಳೆ. 100 ಕಿಲೋ ರೋಬಸ್ಟಾ ಹಣ್ಣಿಗೆ 40ರಿಂದ 45 ಕಿಲೋ ಒಣ ಚೆರ್ರಿ.

ಆದಾಯ ತೆರಿಗೆ ಬೀಳುತ್ತದೆಯೇ?

ಪಾರ್ಚ್‌ಮೆಂಟ್ ಅಥವಾ ಚೆರ್ರಿಯಾಗಿಯೇ ಮಾರಿದರೆ ಅದು ಕೃಷಿ ಆದಾಯ. ತಾವೇ ಬೆಳೆದು ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೇಳೆ ವಿಂಗಡಿಸುವುದು) ಮಾಡಿಸಿ ಮಾರಿದರೆ ಆದಾಯದ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ವ್ಯಾಪಾರದ ಆದಾಯವೆಂದು ಲೆಕ್ಕಕ್ಕೆ ಬರುತ್ತದೆ. ಮನೆಯ ಹೆಸರಿನ ಪುಡಿ ಪ್ಯಾಕೆಟ್ ತರುವ ಮುಂಚೆ ಲೆಕ್ಕಿಗರ ಹತ್ತಿರ ಕೂತು ಮಾತಾಡಿ.

ನಮ್ಮದೇ ಕಾಫಿಯನ್ನು ಪುಡಿ ಮಾಡಿ ಮಾರುವಾಗ ಏನು ಗಮನಿಸಬೇಕು?

ಹುರಿಯುವಾಗ ತೂಕ ಶೇ 15ರಿಂದ 20 ಇಳಿಯುತ್ತದೆ. ಒಂದು ಕಿಲೋ ಬೇಳೆಗೆ 800–850 ಗ್ರಾಂ ಪುಡಿ. ಬೆಲೆ ನಿಗದಿ ಮಾಡುವಾಗ ಇದನ್ನು ಮರೆತವರು ಬಹಳ. ಚಿಕೋರಿ ಬೆರೆಸಿದರೆ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಪ್ರಮಾಣವನ್ನು ಪ್ಯಾಕೆಟ್ ಮೇಲೆ ಹಾಕಲೇಬೇಕು. ಗುಂಡುಕಾಳು, ಅಂದರೆ ಪೀಬೆರಿಯನ್ನು ಬೇರೆ ಹುರಿಯಿರಿ. ಚಪ್ಪಟೆ ಕಾಳಿನ ಜೊತೆ ಹಾಕಿದರೆ ಎರಡೂ ಒಂದೇ ಹದಕ್ಕೆ ಬರುವುದಿಲ್ಲ.

ಕಾಡಾನೆ ಓಡಾಡುವ ಜಾಗದಲ್ಲಿ ತೋಟದ ಕೆಲಸ ಹೇಗೆ?

ಸಕಲೇಶಪುರ, ಆಲೂರು, ಕೊಡಗಿನ ಸಿದ್ದಾಪುರ ಕಡೆ ಇದು ದಿನನಿತ್ಯದ ಪ್ರಶ್ನೆ. ಅರಣ್ಯ ಇಲಾಖೆಯ ಸಂದೇಶ ನೋಡದೆ ಬೆಳಿಗ್ಗೆ ಆಳುಗಳನ್ನು ಒಳಗೆ ಕಳಿಸಬೇಡಿ, ಮಂಜು ಬಿಡುವವರೆಗೆ ಕಾಯಿರಿ, ಒಬ್ಬಂಟಿ ಯಾರೂ ಹೋಗಬಾರದು. ಹಲಸಿನ ಕಾಯಿಯನ್ನು ಎಳೆಯದಾಗಿರುವಾಗಲೇ ಇಳಿಸಿ. ಗಿಡ ಮುರಿದಿದ್ದರೆ ಪರಿಹಾರದ ಅರ್ಜಿಗೆ ಅದೇ ದಿನ ಫೋಟೊ ತೆಗೆದಿಡಿ.

ತೋಟ ನೋಡಲು ಯಾವಾಗ ಬರಬಹುದು?

ಹೂ ನೋಡುವುದಾದರೆ ಹೂಮಳೆ ಬಿದ್ದ ಸುದ್ದಿ ಕೇಳಿದ ಎಂಟು ದಿನಕ್ಕೆ ಹೊರಡಿ. ಮುಂಚೆಯೇ ರೂಮು ಬುಕ್ ಮಾಡಿದ ದಿನಕ್ಕೆ ಅದು ಅರಳುವುದಿಲ್ಲ. ಕೊಯ್ಲು, ಪಲ್ಪರ್, ಕಣ ಒಟ್ಟಿಗೆ ಕಾಣುವುದು ಡಿಸೆಂಬರ್–ಜನವರಿಯಲ್ಲಿ. ಕಣದ ಮೇಲೆ ಚಪ್ಪಲಿ ಹಾಕಿ ನಡೆಯಬೇಡಿ, ಹೂವಿನ ರೆಂಬೆ ಮುರಿಯಬೇಡಿ. ಜುಲೈ–ಆಗಸ್ಟ್‌ನಲ್ಲಿ ಬಂದರೆ ಇಂಬಳ (ಜಿಗಣೆ) ಹತ್ತುತ್ತವೆ: ಉದ್ದದ ಕಾಲುಚೀಲ, ಒಂದು ಪೊಟ್ಟಣ ಉಪ್ಪು ಜೊತೆಗಿರಲಿ.